ಅನುಭವದಲ್ಲಿ 'ನಾನು' : ಮುಕ್ತಾಯಕ್ಕನ ಪ್ರಸಂಗದ ಒಂದು ವಿವೇಚನೆ

೧

ವಚನಸಾಹಿತ್ಯವನ್ನು ಕುರಿತ ವಿಮರ್ಶೆಯಲ್ಲಿ ಎರಡು ಮಾತುಗಳು ಬಹುಕಾಲದಿಂದ ಎದುರುಬದುರಾಗಿ ನಿಂತಿವೆ. ಶರಣರು ಅದ್ವೈತಿಗಳು, ಆದಕಾರಣ ಅವರ ಅನುಭವದಲ್ಲಿ 'ನಾನು' ಎಂಬುದಕ್ಕೆ ಎಡೆಯೇ ಇಲ್ಲ ಎಂಬುದು ಒಂದು. ಶರಣರು ಭಕ್ತರು, ಭಕ್ತಿಗೆ ಪೂಜಿಸುವವನೂ ಪೂಜೆಗೊಳ್ಳುವವನೂ ಇರಲೇಬೇಕು, ಆದಕಾರಣ ಅವರ ನೆಲೆ ದ್ವೈತವೇ ಎಂಬುದು ಇನ್ನೊಂದು. ಮೊದಲನೆಯವರು ತಮ್ಮ ಪಕ್ಷಕ್ಕೆ ಅಲ್ಲಮಪ್ರಭುವಿನ ವಚನಗಳನ್ನು ಮುಂದಿಡುತ್ತಾರೆ. ಎರಡನೆಯವರು ಬಸವಣ್ಣನವರ ವಚನಗಳನ್ನು ಮುಂದಿಡುತ್ತಾರೆ. ವಿದ್ಯಾರ್ಥಿಯಾದವನು ಈ ಎರಡನ್ನೂ ಬರೆದುಕೊಂಡು, ಅಲ್ಲಮನದು ಜ್ಞಾನಮಾರ್ಗ, ಬಸವಣ್ಣನದು ಭಕ್ತಿಮಾರ್ಗ ಎಂದು ಹಂಚಿ, ಪ್ರಶ್ನೆ ತೀರಿತೆಂದು ತಿಳಿಯುತ್ತಾನೆ.

ಆದರೆ ಪ್ರಶ್ನೆ ತೀರಿಲ್ಲ, ಪಕ್ಕಕ್ಕೆ ಸರಿದಿದೆ ಅಷ್ಟೆ. ಏಕೆಂದರೆ ಮೂಲಪ್ರಶ್ನೆ ಸಿದ್ಧಾಂತದ ಹೆಸರನ್ನು ಕುರಿತದ್ದಲ್ಲ. ಎಚ್ಚರದಿಂದಿರುವ ಮನುಷ್ಯನ ಅನುಭವದಲ್ಲಿ 'ನಾನು' ಎಂಬ ಒಂದು ವಸ್ತು ದೊರೆಯುತ್ತದೆಯೇ, 'ನಾನು-ನೀನು' ಎಂಬ ಎರಡು ದೊರೆಯುತ್ತವೆಯೇ, ದೊರೆಯುವುದಾದರೆ ಯಾವ ರೀತಿಯಲ್ಲಿ ದೊರೆಯುತ್ತವೆ ಎಂಬುದು ಮೂಲಪ್ರಶ್ನೆ. ಇದು ಕೇವಲ ತಾರ್ಕಿಕರ ವಿನೋದವಲ್ಲ. 'ನಾನು' ಇಲ್ಲವೆಂದಾದರೆ ಕಾಯಕಕ್ಕೆ ಹೊಣೆ ಯಾರು, ದಾಸೋಹದಲ್ಲಿ ನೀಡುವವರಾರು, ಅಗಲಿದವರಿಗಾಗಿ ಅಳುವವರ ಕಣ್ಣೀರಿಗೆ ಬೆಲೆ ಏನು ಎಂಬ ಪ್ರಶ್ನೆಗಳು ಬೆನ್ನಹಿಂದೆಯೇ ಬರುತ್ತವೆ. 'ನಾನು' ಇದೆ, 'ನೀನು' ಬೇರೆ ಇದ್ದೀಯೆ ಎಂಬುದೇ ಕೊನೆಯ ಮಾತಾದರೆ ಷಟ್‌ಸ್ಥಲದ ತುದಿಯಲ್ಲಿ ನಿಂತಿರುವ ಐಕ್ಯಸ್ಥಲ ಬರಿಯ ಅಲಂಕಾರದ ಮಾತಾಗುತ್ತದೆ.

ಶೂನ್ಯಸಂಪಾದನೆಯಲ್ಲಿ ಈ ಪ್ರಶ್ನೆಯನ್ನೇ ಹೃದಯದಲ್ಲಿ ಇಟ್ಟುಕೊಂಡ ಒಂದು ಪ್ರಸಂಗವಿದೆ. ಅದು ಅಲ್ಲಮಪ್ರಭು ಮತ್ತು ಮುಕ್ತಾಯಕ್ಕನ ಸಂವಾದ. ಅಕ್ಕಮಹಾದೇವಿಯ ಪ್ರಸಂಗಕ್ಕೆ ದೊರೆತಷ್ಟು ಗಮನ ಇದಕ್ಕೆ ದೊರೆತಿಲ್ಲ. ಪ್ರಕೃತ ಲೇಖನದಲ್ಲಿ ಆ ಸಂವಾದವನ್ನು ಮುಂದಿಟ್ಟುಕೊಂಡು, ಶರಣರ ಅನುಭವದಲ್ಲಿ 'ನಾನು' ಮತ್ತು 'ಎರಡು' ಯಾವ ನೆಲೆಯಲ್ಲಿವೆ ಎಂಬುದನ್ನು ಪರಿಶೀಲಿಸಲಾಗುವುದು.

೨

ಸಂವಾದಕ್ಕೆ ಹೋಗುವ ಮೊದಲು ಅನುಭವ ಎಂಬ ಮಾತನ್ನು ಸ್ವಲ್ಪ ವಿಚಾರಿಸಬೇಕು. ಇಷ್ಟಲಿಂಗಪೂಜೆಯ ನಿತ್ಯದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಲಿಂಗವನ್ನು ಎಡದ ಅಂಗೈಯಲ್ಲಿಟ್ಟು, ದೃಷ್ಟಿಯನ್ನು ಅದರಲ್ಲಿ ನೆಟ್ಟು ಕುಳಿತಾಗ ಮೊದಲಿಗೆ ಮೂರು ತೋರುತ್ತವೆ: ನೋಡುವ ನಾನು, ನೋಡಲ್ಪಡುವ ಲಿಂಗ, ನೋಟವೆಂಬ ಕ್ರಿಯೆ. ಶಾಸ್ತ್ರಕಾರರು ಇದನ್ನು ತ್ರಿಪುಟಿ ಎಂದು ಕರೆದರು. ದೃಷ್ಟಿ ನಿಂತಂತೆ ಕೈ ಸೋತದ್ದು ಮರೆಯುತ್ತದೆ, ಕುಳಿತ ಚಾಪೆ ಮರೆಯುತ್ತದೆ, ಹೊರಗಿನ ಸದ್ದು ಕೇಳಿದರೂ ಕೇಳದಂತಾಗುತ್ತದೆ. ಒಂದು ಗಳಿಗೆಯಲ್ಲಿ ನೋಟವೊಂದೇ ಉಳಿಯುತ್ತದೆ. ಆಮೇಲೆ, 'ಆಹಾ, ನಾನು ಚೆನ್ನಾಗಿ ನೋಡುತ್ತಿದ್ದೆ' ಎಂಬ ಅರಿವು ಹುಟ್ಟಿದೊಡನೆಯೇ ಆ ಗಳಿಗೆ ಮುರಿಯುತ್ತದೆ.

ಸಾಧಕರೆಲ್ಲರಿಗೂ ಪರಿಚಿತವಾದ ಈ ಸಂಗತಿಯಲ್ಲಿ ಒಂದು ಸೂಕ್ಷ್ಮವಿದೆ. 'ನಾನು ನೋಡುತ್ತಿದ್ದೆ' ಎಂಬುದು ನೋಟದ ಒಳಗಿನ ಮಾತಲ್ಲ, ನೋಟ ಮುಗಿದ ಮೇಲಿನ ಮಾತು. ಆ 'ನಾನು' ಅನುಭವದ ಹೊತ್ತಿನಲ್ಲಿ ಒಂದು ವಸ್ತುವಾಗಿ ಕಾಣಿಸಿಕೊಂಡಿರಲಿಲ್ಲ. ನೆನೆಯುವಾಗ, ಹೇಳುವಾಗ ಬಂದು ಸೇರಿತು. ಮಗ್ಗದ ಮುಂದೆ ಕುಳಿತ ನೇಕಾರನಿಗೂ ಹೀಗೆಯೇ. ಲಾಳಿ ಓಡುತ್ತಿರುವಷ್ಟು ಹೊತ್ತು 'ನಾನು ನೇಯುತ್ತಿದ್ದೇನೆ' ಎಂಬುದು ಅವನಿಗಿಲ್ಲ; ಎಳೆ ಕಡಿದಾಗ ಕೈ ನಿಲ್ಲುತ್ತದೆ, 'ನಾನು' ಏಳುತ್ತದೆ.

ಪಶ್ಚಿಮದ ಚಿಂತಕರಲ್ಲಿ ಕೆಲವರು ಈ ಸೂಕ್ಷ್ಮವನ್ನು ಮುಟ್ಟಿದ್ದಾರೆ. ೧೭೩೯ರಲ್ಲಿ ಪ್ರಕಟವಾದ ತನ್ನ ಮಾನವಸ್ವಭಾವ ವಿವೇಚನೆಯ ಗ್ರಂಥದಲ್ಲಿ ಡೇವಿಡ್ ಹ್ಯೂಮ್, ತನ್ನ ಒಳಗನ್ನು ಎಷ್ಟು ಹುಡುಕಿದರೂ ಬಿಸಿ, ತಂಪು, ಬೆಳಕು, ನೆರಳು, ಪ್ರೀತಿ, ದ್ವೇಷ ಮೊದಲಾದ ಪ್ರತೀತಿಗಳು ದೊರೆಯುತ್ತವೆಯೇ ಹೊರತು ಅವುಗಳಿಂದ ಬೇರೆಯಾದ 'ನಾನು' ದೊರೆಯದೆಂದು ವಾದಿಸಿದನು. ಫ್ರಾನ್ಸಿನ ಸಾರ್ತ್ರ್ ೧೯೩೦ರ ದಶಕದ ತನ್ನ ಒಂದು ಪ್ರಬಂಧದಲ್ಲಿ, ಟ್ರಾಮ್ ಬಂಡಿಯನ್ನು ಹಿಡಿಯಲು ಓಡುವವನ ಅರಿವಿನಲ್ಲಿ ಹಿಡಿಯಬೇಕಾದ ಬಂಡಿ ಇದೆಯೇ ಹೊರತು 'ನಾನು' ಇಲ್ಲ, ಅದು ಆಮೇಲಿನ ವಿಮರ್ಶೆಯಲ್ಲಿ ಮೂಡುವಂಥದು ಎಂದನು. ಇವರಿಗಿಂತ ಬಹು ಹಿಂದೆ ಬೌದ್ಧರು ಅನಾತ್ಮವಾದವನ್ನು ಸ್ಥಾಪಿಸಿದ್ದರು. ಇದಕ್ಕೆ ಎದುರಾಗಿ ಶಾಂಕರ ವೇದಾಂತಿಗಳು, ಪ್ರತೀತಿಗಳು ಬಂದುಹೋಗುತ್ತವೆ ಎಂಬುದನ್ನು ಅರಿಯುವ ಸಾಕ್ಷಿಯೊಂದು ಇರಲೇಬೇಕು, ಅದು ದೃಶ್ಯವಾಗಿ ದೊರೆಯದಿರುವುದು ಅದು ದೃಕ್ಕೇ ಆಗಿರುವುದರಿಂದ ಎಂದು ಸಮಾಧಾನ ಹೇಳಿದರು.

ಈ ಎಲ್ಲ ವಾದಗಳೂ ಮನನೀಯವೇ. ಆದರೆ ಇವೆಲ್ಲ ಒಬ್ಬನೇ ಕುಳಿತು ತನ್ನೊಳಗನ್ನು ತಾನು ನೋಡಿಕೊಳ್ಳುವವನ ವಾದಗಳು. ಶರಣರಲ್ಲಿ ಅನುಭವ ಎಂಬ ಮಾತಿಗೆ ಇನ್ನೊಂದು ಮುಖವಿದೆ. ಅನುಭವಗೋಷ್ಠಿ, ಅನುಭಾವಿಗಳ ಸಂಗ ಎಂಬ ಮಾತುಗಳು ತೋರಿಸುವಂತೆ ಅವರ ಅನುಭವ ಇನ್ನೊಬ್ಬರ ಮುಂದೆ ಒರೆಗೆ ಹಚ್ಚಲ್ಪಡುವಂಥದು. 'ನಾನು' ಇದೆಯೇ ಇಲ್ಲವೇ ಎಂಬ ಪ್ರಶ್ನೆಯನ್ನು ಅವರು ಕಣ್ಣುಮುಚ್ಚಿ ಕೇಳಿಕೊಂಡುದಕ್ಕಿಂತ ಎದುರಿಗೆ ನಿಂತವರನ್ನು ಕೇಳಿದ್ದೇ ಹೆಚ್ಚು.

೩

ಶೂನ್ಯಸಂಪಾದನೆ ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ೧೫-೧೬ನೆಯ ಶತಮಾನಗಳಲ್ಲಿ ಸಂವಾದರೂಪಕ್ಕೆ ಹೊಂದಿಸಿದ ಕೃತಿ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಅದನ್ನು ನಾಲ್ಕು ಬಾರಿ ಸಂಪಾದಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ೧೯೬೫ರಿಂದ ೧೯೭೨ರವರೆಗೆ ಅದನ್ನು ಇಂಗ್ಲಿಷ್ ಅನುವಾದದೊಡನೆ ಐದು ಸಂಪುಟಗಳಲ್ಲಿ ಹೊರತಂದ ಮೇಲೆ ಕನ್ನಡೇತರ ವಿದ್ವಾಂಸರ ದೃಷ್ಟಿಯೂ ಅತ್ತ ಹರಿಯಿತು. ಬೇರೆಬೇರೆ ಸಂದರ್ಭಗಳಲ್ಲಿ ಹುಟ್ಟಿದ ವಚನಗಳನ್ನು ಪ್ರಶ್ನೋತ್ತರಗಳಾಗಿ ಜೋಡಿಸಿ, ನಡುವೆ ಗದ್ಯದ ಬೆಸುಗೆ ಹಾಕಿದವರು ಈ ಸಂಕಲನಕಾರರು. ಆದ್ದರಿಂದ ನಮ್ಮ ಮುಂದಿರುವುದು ನಡೆದ ಸಂಭಾಷಣೆಯ ವರದಿಯಲ್ಲ. ವಚನಗಳನ್ನು ಬಲ್ಲವರೊಬ್ಬರು ವಚನಗಳಿಗೆ ಕೊಟ್ಟ ವ್ಯಾಖ್ಯಾನ. ಈ ಸಂಗತಿಯನ್ನು ಮರೆತರೆ ಪ್ರಸಂಗದ ಸ್ವಾರಸ್ಯವೇ ತಪ್ಪಿಹೋಗುತ್ತದೆ.

ಪ್ರಸಂಗದ ಸಾರ ಇಷ್ಟು. ಅಜಗಣ್ಣ ತನ್ನ ಭಕ್ತಿಯನ್ನು ಹೊರಗೆ ತೋರದ ಗುಪ್ತಭಕ್ತ. ಮುಕ್ತಾಯಕ್ಕನಿಗೆ ಅವನು ಒಡಹುಟ್ಟಿದ ಅಣ್ಣನೂ ಹೌದು, ಅರಿವನ್ನು ಕೊಟ್ಟ ಗುರುವೂ ಹೌದು. ಅಂಥವನು ಲಿಂಗೈಕ್ಯನಾದಾಗ ಅವಳು ಶೋಕದಲ್ಲಿ ಮುಳುಗುತ್ತಾಳೆ. ಸಂಚಾರದಲ್ಲಿದ್ದ ಅಲ್ಲಮಪ್ರಭು ಅಲ್ಲಿಗೆ ಬಂದು, ಈ ಅಳಲು ಯಾರದು, ಯಾರಿಗಾಗಿ ಎಂದು ವಿಚಾರಿಸುತ್ತಾನೆ. ಅಜಗಣ್ಣನಂಥವನಿಗೆ ಸಾವೆಂಬುದಿಲ್ಲ, ಲಿಂಗದಲ್ಲಿ ಒಂದಾದವನನ್ನು ಕಳೆದುಕೊಂಡೆನೆಂದು ಶೋಕಿಸುವುದು ಸಲ್ಲದು ಎಂಬುದು ಅವನ ನಿಲುವು.

ತತ್ತ್ವದೃಷ್ಟಿಯಿಂದ ಅಲ್ಲಮನ ಮಾತಿನಲ್ಲಿ ಕೊರತೆಯಿಲ್ಲ. ದುಃಖಕ್ಕೆ ಎರಡು ಬೇಕು: ಹೋದವನೊಬ್ಬ, ಉಳಿದವಳೊಬ್ಬಳು. ಹೋದವನು ಎಲ್ಲಿಗೂ ಹೋಗಿಲ್ಲವಾದರೆ, ಉಳಿದವಳು ಬೇರೆಯಾಗಿ ಉಳಿದಿಲ್ಲವಾದರೆ ದುಃಖಕ್ಕೆ ಕಾಲೂರಲು ನೆಲವಿಲ್ಲ. ಸಂಕಲನಕಾರನ ಉದ್ದೇಶ ಅದ್ವೈತವನ್ನು ಸಾರುವುದಷ್ಟೇ ಆಗಿದ್ದರೆ ಪ್ರಸಂಗ ಇಲ್ಲಿಗೆ ಮುಗಿಯಬೇಕಾಗಿತ್ತು. ಅಕ್ಕ ಕಣ್ಣೊರಸಿಕೊಂಡು ನಮಸ್ಕರಿಸಿದ್ದರೆ ಸಾಕಾಗಿತ್ತು.

ಮುಕ್ತಾಯಕ್ಕ ಹಾಗೆ ಮಾಡುವುದಿಲ್ಲ. ಬಂದವರು ಯಾರು, ಇವರ ನಿಲವೇನು ಎಂದು ಅವಳು ಅಲ್ಲಮನನ್ನೇ ಪರೀಕ್ಷಿಸಲು ತೊಡಗುತ್ತಾಳೆ. ಅವಳ ಕೈಯಲ್ಲಿರುವ ಅಳತೆಗೋಲು ಅಣ್ಣನ ಮೌನ. ಅಜಗಣ್ಣ ಅರಿತಿದ್ದ, ಆದರೆ ಅರಿತೆನೆಂದು ಆಡಿರಲಿಲ್ಲ. ಈತ ಆಡುತ್ತಿದ್ದಾನೆ. ಅರಿವು ನೆಲೆಗೊಂಡ ಮೇಲೆ ಮಾತು ಹುಟ್ಟುವುದೆಂತು, ಮಾತು ಇರುವತನಕ ಆಡುವವನೂ ಕೇಳುವವನೂ ಇದ್ದಾರಲ್ಲವೇ ಎಂಬುದು ಅವಳ ಆಕ್ಷೇಪದ ತಿರುಳು. ಎರಡಿಲ್ಲವೆಂದು ಹೇಳಲು ಬಂದವನು ಹೇಳುವುದರಿಂದಲೇ ಎರಡನ್ನು ಒಪ್ಪಿದಂತಾಯಿತು ಎಂಬ ಈ ತರ್ಕ ಬಹು ತೀಕ್ಷ್ಣವಾದುದು. ನೆಲದ ಮೇಲೆ ಕುಳಿತು ಅಳುತ್ತಿರುವ ಹೆಣ್ಣುಮಗಳೊಬ್ಬಳು ಪ್ರಭುವಿಗೆ ಈ ಆಕ್ಷೇಪವನ್ನು ಒಡ್ಡುತ್ತಾಳೆ ಎಂಬುದನ್ನು ಗಮನಿಸಬೇಕು.

ಅಲ್ಲಮ ಇದಕ್ಕೆ ಕೊಡುವ ಸಮಾಧಾನ ಎರಡು ಬಗೆಯದು. ತನ್ನನ್ನು ಹೆಚ್ಚಿಸಿಕೊಳ್ಳಲು ಹುಟ್ಟುವ ಮಾತು ಬೇರೆ, ತಾನಿಲ್ಲದ ನೆಲೆಯಿಂದ ಬರುವ ಮಾತು ಬೇರೆ. ಎರಡನೆಯದು ನುಡಿದರೂ ಮೌನವೇ ಎಂಬುದು ಒಂದು. ನುಡಿಯಲೊಲ್ಲೆನೆಂಬ ಹಟದಲ್ಲಿಯೂ 'ನಾನು' ಅಡಗಿರಬಹುದು ಎಂಬ ಎಚ್ಚರ ಇನ್ನೊಂದು. ಸಂವಾದ ಮುಂದುವರಿದಂತೆ ಮುಕ್ತಾಯಕ್ಕನಿಗೆ ಸಮಾಧಾನವಾಗುತ್ತದೆ, ಪ್ರಭು ತನ್ನ ಸಂಚಾರವನ್ನು ಮುಂದುವರಿಸುತ್ತಾನೆ.

ಈ ಪ್ರಸಂಗದಲ್ಲಿ ಗೆದ್ದವರಾರು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳುತ್ತಾರೆ. ಅಲ್ಲಮ ಗೆದ್ದ, ಮುಕ್ತಾಯಕ್ಕನ ಅಜ್ಞಾನ ನೀಗಿತು ಎಂಬುದು ಪ್ರವಚನಗಳಲ್ಲಿ ಕೇಳಿಬರುವ ಉತ್ತರ. ಈ ಉತ್ತರ ಪ್ರಸಂಗಕ್ಕೆ ನ್ಯಾಯ ಸಲ್ಲಿಸುವುದಿಲ್ಲವೆಂದು ನಮ್ಮ ಅಭಿಪ್ರಾಯ. ಮುಕ್ತಾಯಕ್ಕನ ಶೋಕ ಬರಿಯ ಅಜ್ಞಾನವಾಗಿದ್ದರೆ ಅದರಿಂದ ಇಂತಹ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಅಲ್ಲಮನ ಅರಿವು ಎರಡನ್ನು ಸುಟ್ಟುಬಿಡುವಂಥದಾಗಿದ್ದರೆ, ಅಳುವವಳೊಬ್ಬಳ ಬಳಿ ನಿಂತು ಇಷ್ಟು ಹೊತ್ತು ಮಾತನಾಡಲು ಅವನಿಗೆ ಕಾರಣವಿರಲಿಲ್ಲ. ಶೋಕಿಸುವವಳು ಅರಿವಿನ ಪ್ರಶ್ನೆ ಕೇಳುತ್ತಾಳೆ; ಅರಿತವನು ಕರುಣೆಯಿಂದ ನಿಲ್ಲುತ್ತಾನೆ. ಈ ಎರಡರ ನಡುವಣ ಸಂಬಂಧವೇ ಪ್ರಸಂಗದ ವಸ್ತು.

೪

ಇಷ್ಟನ್ನು ಕಥೆಯ ಮಟ್ಟದಲ್ಲಿ ಹೇಳಿದೆವು. ವಚನದ ರೂಪವೇ ಇದಕ್ಕೆ ಇನ್ನೂ ಗಟ್ಟಿಯಾದ ಸಾಕ್ಷ್ಯವನ್ನು ಒದಗಿಸುತ್ತದೆ. ಅದು ಅಂಕಿತ.

ಅಂಕಿತವನ್ನು ಸಾಹಿತ್ಯಚರಿತ್ರೆಕಾರರು ಕರ್ತೃತ್ವವನ್ನು ನಿರ್ಣಯಿಸುವ ಸಾಧನವೆಂದು ಬಳಸಿಕೊಂಡಿದ್ದಾರೆ. ಹಳಕಟ್ಟಿಯವರ ೧೯೨೩ರ ವಚನಶಾಸ್ತ್ರಸಾರದಿಂದ ಮೊದಲ್ಗೊಂಡು ಕರ್ನಾಟಕ ಸರ್ಕಾರ ೧೯೯೩ರಲ್ಲಿ ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದ ಸಮಗ್ರ ವಚನಸಂಪುಟದವರೆಗೆ ಆ ಕೆಲಸ ನಡೆದುಬಂದಿದೆ, ಅದು ಅವಶ್ಯವೂ ಹೌದು. ಆದರೆ ಅಂಕಿತ ಸಹಿಯಷ್ಟೇ ಅಲ್ಲ. ಬಹುಮಟ್ಟಿಗೆ ಅದು ಸಂಬೋಧನೆ. ಬಸವಣ್ಣನವರು ಕೂಡಲಸಂಗಮದೇವ ಎಂದಾಗ ತಮ್ಮ ಹೆಸರನ್ನು ಹೇಳುತ್ತಿಲ್ಲ, ಎದುರಿಗಿರುವವನನ್ನು ಕರೆಯುತ್ತಿದ್ದಾರೆ. ಹೇಳುವವನ ಗುರುತು ಕೇಳುವವನ ಹೆಸರಿನಲ್ಲಿದೆ! ಲೌಕಿಕ ಕವಿ ತನ್ನ ಹೆಸರನ್ನು ಕಾವ್ಯದ ತುದಿಯಲ್ಲಿಟ್ಟು 'ಇದು ನನ್ನದು' ಎನ್ನುತ್ತಾನೆ. ವಚನಕಾರ ತನ್ನ ಹೆಸರಿರಬೇಕಾದ ಸ್ಥಾನದಲ್ಲಿ ನಿನ್ನ ಹೆಸರನ್ನಿಟ್ಟು 'ಇದು ನಿನ್ನ ಮುಂದೆ' ಎನ್ನುತ್ತಾನೆ. ಇಲ್ಲಿ 'ನಾನು' ಅಳಿದಿದೆಯೇ? ಒಡೆತನದ 'ನಾನು' ಅಳಿದಿದೆ. ಮುಖ ಕೊಟ್ಟು ನಿಂತ 'ನಾನು' ಉಳಿದಿದೆ.

ಮುಕ್ತಾಯಕ್ಕನ ಅಂಕಿತ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಅವಳು ಕರೆಯುವುದು ಯಾವ ಊರಿನ, ಯಾವ ಗುಡಿಯ ದೇವರನ್ನೂ ಅಲ್ಲ. ಅಜಗಣ್ಣ ತಂದೆಯನ್ನು, ಎಂದರೆ ಅಗಲಿದ ಅಣ್ಣನನ್ನು. ಯಾರಿಗಾಗಿ ಅಳುವುದು ಸಲ್ಲದೆಂದು ಅಲ್ಲಮ ಹೇಳುತ್ತಾನೆಯೋ ಅವನ ಹೆಸರಿಲ್ಲದೆ ಅವಳ ಒಂದು ವಚನವೂ ಮುಗಿಯದು. ಅಲ್ಲಮನಿಗೆ ಅವಳು ಕೊಡುವ ಪ್ರತಿಯೊಂದು ಉತ್ತರದ ತುದಿಯಲ್ಲಿಯೂ ಅಜಗಣ್ಣನಿದ್ದಾನೆ. ಸಮಾಧಾನ ಹೊಂದಿದ ಮೇಲೆ ಅವಳು ಆ ಅಂಕಿತವನ್ನು ಬಿಟ್ಟುಬಿಡಲಿಲ್ಲ ಎಂಬುದು ಗಮನಾರ್ಹ. ಎಂದರೆ ಅಲ್ಲಮನ ಬೋಧೆಯಿಂದ ಕಳೆದುಹೋದದ್ದು ಅಣ್ಣ-ತಂಗಿಯರ ಸಂಬಂಧವಲ್ಲ, ಆ ಸಂಬಂಧದಲ್ಲಿದ್ದ ಅಗಲಿಕೆಯ ಭ್ರಮೆ ಮಾತ್ರ. 'ನನ್ನಿಂದ ಹೋದ' ಅಣ್ಣ ಇಲ್ಲವಾದ. 'ನಾನು ಕರೆಯುವ' ಅಣ್ಣ ಉಳಿದ.

ಮೂರನೆಯದಾಗಿ ಅಂಬಿಗರ ಚೌಡಯ್ಯನನ್ನು ನೋಡಬಹುದು. ಅವನ ಅಂಕಿತ ಅವನದೇ ಹೆಸರು. ಮೇಲುನೋಟಕ್ಕೆ ಇದು 'ನಾನು' ಎಂಬುದರ ಮೆರೆದಾಟದಂತೆ ತೋರಬಹುದು. ಆದರೆ ಚೌಡಯ್ಯ ಆ ಹೆಸರನ್ನು ಬೇರೊಬ್ಬನ ಮಾತನ್ನು ವರದಿ ಮಾಡುವವನಂತೆ ಅನ್ಯಪುರುಷದಲ್ಲಿ ಬಳಸುತ್ತಾನೆ. ತನ್ನನ್ನು ತಾನು ಆಚೆ ದಡದಲ್ಲಿ ನಿಲ್ಲಿಸಿ ನೋಡುವ ಅಂಬಿಗನ ಕ್ರಮವಿದು. ಹೀಗೆ ಒಂದೇ ವಚನರೂಪದೊಳಗೆ 'ನಾನು' ಬಸವಣ್ಣನಲ್ಲಿ ದೇವರ ಎದುರು, ಮುಕ್ತಾಯಕ್ಕನಲ್ಲಿ ಅಣ್ಣನ ಎದುರು, ಚೌಡಯ್ಯನಲ್ಲಿ ತನ್ನ ಎದುರು ನಿಲ್ಲುತ್ತದೆ. ಎಲ್ಲಿಯೂ ಅದು ಏಕಾಂಗಿಯಲ್ಲ.

ಈ ಮಾತಿನ ಬೆಳಕಿನಲ್ಲಿ ಅನುವಾದದ ಒಂದು ಸಮಸ್ಯೆಯನ್ನೂ ಪ್ರಸ್ತಾಪಿಸಬಹುದು. ಎ. ಕೆ. ರಾಮಾನುಜನ್ ಅವರು ೧೯೭೩ರಲ್ಲಿ ಪ್ರಕಟಿಸಿದ 'ಸ್ಪೀಕಿಂಗ್ ಆಫ್ ಶಿವ' ವಚನಗಳನ್ನು ಲೋಕಕ್ಕೆ ಪರಿಚಯಿಸಿದ ಉಪಕಾರಿ ಕೃತಿ. ಅದರಲ್ಲಿ ಅವರು ಅಂಕಿತಗಳನ್ನು ಹೆಚ್ಚಾಗಿ ಅರ್ಥಾನುವಾದ ಮಾಡಿ, ಸಂಗಮದ ಒಡೆಯ, ಗುಹೆಗಳ ಒಡೆಯ ಎಂಬಂತೆ ಕೊಟ್ಟಿದ್ದಾರೆ. ಇದರಿಂದ ಇಂಗ್ಲಿಷ್ ಓದುಗನಿಗೆ ಚಿತ್ರವೊಂದು ದೊರೆಯಿತು. ಆದರೆ ಕರೆ ವರ್ಣನೆಯ ಕಡೆಗೆ ಜಾರಿತು. ಹೆಸರನ್ನು ಅರ್ಥಕ್ಕಾಗಿ ಯಾರೂ ಕೂಗುವುದಿಲ್ಲ, ಓಗೊಡಲೆಂದು ಕೂಗುತ್ತಾರೆ. ಬಸವಣ್ಣ, ದೇವರದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮ ಈ ನಾಲ್ವರ ವಚನಗಳನ್ನು ಮಾತ್ರ ಆ ಕೃತಿ ಒಳಗೊಂಡಿದೆ. ಮುಕ್ತಾಯಕ್ಕನೂ ಅಲ್ಲಿರುತ್ತಿದ್ದರೆ ಈ ತೊಡಕು ಎದ್ದು ಕಾಣುತ್ತಿತ್ತು. ಅಜಗಣ್ಣ ಎಂಬ ಹೆಸರಿಗೆ ಅರ್ಥ ಹೇಳಿದರೆ ಅಣ್ಣ ದೊರೆಯುವುದಿಲ್ಲ.

೫

'ನಾನು' ಅಳಿಯುವುದೆಂದರೆ ಏನು ಎಂಬುದನ್ನು ಶೂನ್ಯಸಂಪಾದನೆಯ ಬೇರೆ ಎರಡು ಪ್ರಸಂಗಗಳು ಇನ್ನಷ್ಟು ಸ್ಪಷ್ಟಪಡಿಸುತ್ತವೆ.

ಗೋರಕ್ಷನ ಪ್ರಸಂಗ ಸುಪ್ರಸಿದ್ಧ. ಯೋಗಸಾಧನೆಯಿಂದ ವಜ್ರಕಾಯವನ್ನು ಪಡೆದ ಗೋರಕ್ಷನನ್ನು ಖಡ್ಗದಿಂದ ಹೊಡೆದಾಗ ಖಣಿಲೆಂಬ ಸದ್ದಾಯಿತು. ಅದೇ ಖಡ್ಗ ಅಲ್ಲಮನ ದೇಹದಲ್ಲಿ ಬಯಲಿನಲ್ಲಿ ಬೀಸಿದಂತೆ ಹಾಯ್ದುಹೋಯಿತು. ಗೋರಕ್ಷನ 'ನಾನು' ಕಠಿಣವಾದಷ್ಟೂ ಹೊಡೆತಕ್ಕೆ ಎದುರಾಯಿತು, ಸದ್ದು ಮಾಡಿತು. ಅಲ್ಲಮನಲ್ಲಿ ತಡೆಯುವ 'ನಾನು' ಇರಲಿಲ್ಲ. ಈ ಕಥೆಯನ್ನು ಓದುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತಾರೆ. ಆದರೆ ಖಡ್ಗ ಹಾಯ್ದುಹೋದ ಮೇಲೆಯೂ ಅಲ್ಲಮ ಅಲ್ಲಿ ನಿಂತಿದ್ದಾನೆ, ಗೋರಕ್ಷನಿಗೆ ತತ್ತ್ವವನ್ನು ತಿಳಿಸುತ್ತಾನೆ, ಗೋರಕ್ಷ ಶರಣಾಗುತ್ತಾನೆ. ಬಯಲು ಎಂದರೆ ಅಭಾವವೆಂದಾಗಿದ್ದರೆ ಬೋಧಿಸಲು ಯಾರೂ ಉಳಿಯುತ್ತಿರಲಿಲ್ಲ. ತಡೆ ಇಲ್ಲದ್ದು ಬಯಲು. ಅದು ಬರಿದಾದದ್ದಲ್ಲ, ಎಡೆ ಕೊಡುವಂಥದು.

ಆಯ್ದಕ್ಕಿ ಮಾರಯ್ಯನ ಪ್ರಸಂಗ ಇದಕ್ಕೆ ಪೂರಕ. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಮ್ಮೆ ಮಾರಯ್ಯ ಪ್ರಭುವಿನ ಅನುಭಾವದ ಮಾತುಗಳಲ್ಲಿ ಮೈಮರೆತು ಕುಳಿತುಬಿಡುತ್ತಾನೆ. ಆಗ ಲಕ್ಕಮ್ಮ ಕಾಯಕ ನಿಂತುಹೋಗಿದೆಯೆಂದು ಅವನನ್ನು ಎಚ್ಚರಿಸುತ್ತಾಳೆ. ಇನ್ನೊಮ್ಮೆ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಈ ಆಸೆ ನಮಗೆ ಸಲ್ಲದೆಂದು ಹೆಚ್ಚಾದುದನ್ನು ಹಿಂದಕ್ಕೆ ಕಳುಹಿಸುತ್ತಾಳೆ.

ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಮೊದಲನೆಯದರಲ್ಲಿ ಮಾರಯ್ಯನಿಗೆ 'ನಾನು' ಮರೆತಿದೆ. ಅದು ದೊಡ್ಡ ಅನುಭವವೇ. ಆದರೂ ಲಕ್ಕಮ್ಮ ಅದನ್ನು ಸಿದ್ಧಿಯೆಂದು ಒಪ್ಪುವುದಿಲ್ಲ. ಏಕೆಂದರೆ 'ನಾನು' ಮರೆತುದರ ಜೊತೆಗೆ ಬಾಗಿಲಿಗೆ ಬರುವ ಜಂಗಮವೂ ಮರೆತುಹೋಗಿದೆ. ಎರಡನೆಯದರಲ್ಲಿ ಮಾರಯ್ಯ ಕೆಲಸ ಮಾಡಿದ್ದಾನೆ. ಆದರೆ ಆ ಕೆಲಸದೊಳಕ್ಕೆ 'ನಾನು', 'ನನಗಿರಲಿ' ಎಂಬುದು ಹಿಡಿ ಅಕ್ಕಿಯ ರೂಪದಲ್ಲಿ ನುಸುಳಿದೆ. ಲಕ್ಕಮ್ಮ ಅದನ್ನೂ ಒಪ್ಪುವುದಿಲ್ಲ. ಮರೆವಿನ ಅದ್ವೈತ ಅವಳಿಗೆ ಬೇಡ, ಆಸೆಯ ದ್ವೈತವೂ ಬೇಡ. ಅವಳಿಗೆ ಬೇಕಾದದ್ದು, ನೀಡುವ ಕೈಯೂ ಪಡೆಯುವ ಕೈಯೂ ಇರುವ, ಆದರೆ 'ನಾನು ನೀಡಿದೆ' ಎಂಬುದಿಲ್ಲದ ಸ್ಥಿತಿ. ದಾಸೋಹಭಾವವೆಂದು ಹಿರಿಯರು ಕರೆದದ್ದು ಇದನ್ನೇ. ನಮ್ಮ ಮಠಗಳ ದಾಸೋಹದ ಪಂಕ್ತಿಯಲ್ಲಿ ಬಡಿಸುತ್ತ ನಡೆಯುವವನು ಎಲೆಯನ್ನು ನೋಡುತ್ತಾನೆ, ತನ್ನನ್ನು ನೋಡಿಕೊಳ್ಳುವುದಿಲ್ಲ. ತನ್ನನ್ನು ನೋಡಿಕೊಂಡ ಕ್ಷಣದಲ್ಲಿ ಕೈ ತಪ್ಪುತ್ತದೆ. ಆದರೆ ಉಣ್ಣುವವನನ್ನು ನೋಡದಿದ್ದರೆ ಬಡಿಸುವುದೇ ಇಲ್ಲ.

೬

ವೀರಶೈವ ದಾರ್ಶನಿಕರು ತಮ್ಮ ಸಿದ್ಧಾಂತವನ್ನು ಶಕ್ತಿವಿಶಿಷ್ಟಾದ್ವೈತವೆಂದು ಕರೆದುದರ ಔಚಿತ್ಯ ಇಲ್ಲಿ ಮನದಟ್ಟಾಗುತ್ತದೆ. ಶ್ರೀಪತಿಪಂಡಿತರ ಶ್ರೀಕರಭಾಷ್ಯ ಜಗತ್ತನ್ನು ಮಿಥ್ಯೆಯೆಂದು ತಳ್ಳುವುದಿಲ್ಲ; ಭೇದವನ್ನೂ ಅಭೇದವನ್ನೂ ಒಪ್ಪುತ್ತದೆ. ೧೫ನೆಯ ಶತಮಾನದ ಮಗ್ಗೆಯ ಮಾಯಿದೇವರು ತಮ್ಮ ಅನುಭವಸೂತ್ರದಲ್ಲಿ ಒಂದೇ ಸ್ಥಲ ತನ್ನ ಶಕ್ತಿಯ ಸ್ಪಂದನದಿಂದ ಲಿಂಗಸ್ಥಲ ಮತ್ತು ಅಂಗಸ್ಥಲವೆಂದು ಎರಡಾಯಿತೆಂದು ನಿರೂಪಿಸುತ್ತಾರೆ. ಶಕ್ತಿಯೂ ಕಲೆ ಮತ್ತು ಭಕ್ತಿ ಎಂದು ಎರಡಾಗಿ, ಒಂದು ಲಿಂಗವನ್ನೂ ಇನ್ನೊಂದು ಅಂಗವನ್ನೂ ಆಶ್ರಯಿಸುತ್ತದೆ. ಈ ನಿರೂಪಣೆಯಲ್ಲಿ ಎರಡು ಎಂಬುದು ಪತನವಲ್ಲ, ತಪ್ಪೂ ಅಲ್ಲ. ಪೂಜೆಗೆಂದು ಒಂದೇ ಎರಡಾಗಿದೆ. ಅದೇ ಎರಡು ಪೂಜೆಯಿಂದಲೇ ಸಮರಸವಾಗುತ್ತದೆ. ಭಕ್ತಿಯು ಅದ್ವೈತಕ್ಕೆ ಏರುವ ಮೆಟ್ಟಿಲು, ಏರಿದ ಮೇಲೆ ಬಿಡತಕ್ಕದ್ದು ಎಂಬ ವಾದಕ್ಕೆ ಇಲ್ಲಿ ಅವಕಾಶವಿಲ್ಲ, ಏಕೆಂದರೆ ಭಕ್ತಿಯೂ ಶಕ್ತಿಯೇ.

ಸಾಮರಸ್ಯವನ್ನು ಹೇಳಲು ನಮ್ಮ ಸಾಹಿತ್ಯದಲ್ಲಿ ರೂಢಿಯಾಗಿ ಬಂದಿರುವ ದೃಷ್ಟಾಂತಗಳನ್ನು ಪರೀಕ್ಷಿಸಿದರೂ ಇದೇ ಕಂಡುಬರುತ್ತದೆ. ಉರಿ-ಕರ್ಪೂರಗಳ ದೃಷ್ಟಾಂತದಲ್ಲಿ ಕರ್ಪೂರ ಬೂದಿಯನ್ನು ಕೂಡ ಉಳಿಸದೆ ಇಲ್ಲವಾಗುತ್ತದೆ. ಆದರೆ ಬೆಳಕು ಹರಡಿತು, ಪರಿಮಳ ಹರಡಿತು. ಸುಮ್ಮನೆ ಇಲ್ಲವಾಗುವ ವಸ್ತುವನ್ನು ಹೇಳಬೇಕಾಗಿದ್ದರೆ ಬೇರೆ ಎಷ್ಟೋ ವಸ್ತುಗಳಿದ್ದವು. ಆಲಿಕಲ್ಲು ನೀರಾಗುವ ದೃಷ್ಟಾಂತದಲ್ಲಿ ಕರಗುವುದು ಕಾಠಿಣ್ಯವೇ ಹೊರತು ನೀರಲ್ಲ. ಹೂವು-ಪರಿಮಳಗಳ ದೃಷ್ಟಾಂತದಲ್ಲಿ ಎರಡೆಂದು ಹೇಳಬಹುದು, ಬಿಡಿಸಲಾಗದು. ಈ ಮೂರರಲ್ಲಿ ಒಂದನ್ನೇ ಹಿಡಿದು ವಾದಿಸುವವರು ತಮಗೆ ಬೇಕಾದ ಸಿದ್ಧಾಂತವನ್ನು ತೆಗೆಯಬಲ್ಲರು. ಮೂರನ್ನೂ ಕೂಡಿಸಿ ಓದಿದರೆ, ಕಾಠಿಣ್ಯ ಕರಗಿ, ಬೆಳಕು ಹರಡಿ, ಬಿಡಿಸಲಾಗದ ಸಂಬಂಧ ಉಳಿಯಿತೆಂಬ ಅರ್ಥ ದೊರೆಯುತ್ತದೆ.

ಇದಕ್ಕೆ ಒಂದು ಆಕ್ಷೇಪವನ್ನು ಊಹಿಸಬಹುದು. ನೀವು ಹೇಳುವುದೆಲ್ಲ ಮಾತಿನ ನೆಲೆಗೆ ಸಂಬಂಧಿಸಿದ್ದು. ಮಾತಿಗೆ ಎರಡು ಬೇಕೆಂಬುದು ವ್ಯಾಕರಣದ ನಿಯಮ. ಮಾತಿಗೆ ಆಚೆಯ ಅನುಭವದಲ್ಲಿ ಎರಡಿಲ್ಲವೆಂದು ಶರಣರೇ ಸಾರಿದ್ದಾರಲ್ಲ ಎಂಬುದು ಆ ಆಕ್ಷೇಪ. ಇದು ತಳ್ಳಿಹಾಕುವಂಥದಲ್ಲ. ಲಿಂಗನಿರೀಕ್ಷಣೆಯ ಆ ಗಳಿಗೆಯಲ್ಲಿ 'ನಾನು' ಕಾಣುವುದಿಲ್ಲ, 'ಎರಡು' ಕಾಣುವುದಿಲ್ಲ ಎಂಬುದನ್ನು ನಾವು ಮೊದಲೇ ಒಪ್ಪಿದ್ದೇವೆ. ಆದರೆ ಆ ಗಳಿಗೆಯೇ ಸತ್ಯ, ಉಳಿದ ಹೊತ್ತೆಲ್ಲ ಸುಳ್ಳು ಎಂದು ಎಣಿಸುವುದಾದರೆ, ಆ ಗಳಿಗೆಯಿಂದ ಎದ್ದು ಬಂದು ಮಾತನಾಡಿದ ಅಲ್ಲಮ ಸುಳ್ಳಿಗೆ ಇಳಿದನೆಂದು ಹೇಳಬೇಕಾಗುತ್ತದೆ. ಮುಕ್ತಾಯಕ್ಕ ಒಡ್ಡಿದ್ದು ಇದೇ ಸವಾಲನ್ನು. ಪ್ರಭು ಉತ್ತರಿಸಿದ್ದೂ ಇದಕ್ಕೇ. ಎರಡಿಲ್ಲದ ನೆಲೆಯಿಂದ ಹೊರಟು, ಎರಡರ ಲೋಕದಲ್ಲಿ, ಎರಡರ ಕಾಠಿಣ್ಯವಿಲ್ಲದೆ ಆಡಬಹುದಾದ ಮಾತೊಂದಿದೆ ಎಂಬುದೇ ಅವನ ಉತ್ತರ. ವಚನವೆಂಬುದು ಆ ಮಾತಿನ ಹೆಸರು.

೭

ಈವರೆಗಿನ ವಿವೇಚನೆಯಿಂದ ದೊರೆಯುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಅನುಭವದಲ್ಲಿ 'ನಾನು' ಹುಡುಕಿದರೆ ಸಿಗುವ ವಸ್ತುವಲ್ಲ. ಈ ಮಟ್ಟಿಗೆ ಅನಾತ್ಮವಾದಿಗಳ ಪರೀಕ್ಷೆ ಸರಿಯಾದುದು. ಆದರೆ ವಸ್ತುವಾಗಿ ಸಿಗದ ಮಾತ್ರಕ್ಕೆ ಅದು ಇಲ್ಲವೆಂದಲ್ಲ. ಕರೆದಾಗ ಓಗೊಡುವ, ಕರೆಯಲು ಬಾಯ್ದೆರೆಯುವ ಎಡೆಯಾಗಿ ಅದು ಇದೆ. 'ಎರಡು' ಎಂಬುದು ಗೋಡೆಯಾಗಿದ್ದಲ್ಲಿ ಶರಣರು ಅದನ್ನು ಕೆಡವಿದರು, ಬಾಗಿಲಾಗಿದ್ದಲ್ಲಿ ಉಳಿಸಿಕೊಂಡರು.

ವಿಮರ್ಶೆಯ ದೃಷ್ಟಿಯಿಂದ ಇದರ ಫಲ ಎರಡು. ವಚನಗಳಲ್ಲಿ ಬರುವ 'ನಾನು', 'ಎನ್ನ' ಎಂಬ ಮಾತುಗಳನ್ನು ನೇರವಾಗಿ ಆತ್ಮಚರಿತ್ರೆಯ ಸಾಮಗ್ರಿಯೆಂದು ಬಳಸುವಾಗ ಎಚ್ಚರ ವಹಿಸಬೇಕು. ಆ 'ನಾನು' ಒಬ್ಬ ವ್ಯಕ್ತಿಯ ಸೊತ್ತಾಗಿರುವುದಕ್ಕಿಂತ ಸಂಬೋಧನೆಯ ಒಂದು ತುದಿ. ಹಾಗೆಯೇ, ಭಕ್ತಿಯ ವಚನಗಳನ್ನು ಕೆಳಗಿನ ಮೆಟ್ಟಿಲಲ್ಲಿಯೂ ಬೆಡಗಿನ ವಚನಗಳನ್ನು ಮೇಲಿನ ಮೆಟ್ಟಿಲಲ್ಲಿಯೂ ಇಡುವ ಪದ್ಧತಿಯನ್ನು ಕೈಬಿಡಬೇಕು. ಬಸವಣ್ಣನ ಕರೆ ಮತ್ತು ಅಲ್ಲಮನ ಬಯಲು ಒಂದೇ ಅನುಭವದ ಎರಡು ಮಗ್ಗುಲು. ಅವರಿಬ್ಬರೂ ಒಬ್ಬರನ್ನೊಬ್ಬರು ಅರಸಿದ್ದು ಅದಕ್ಕಾಗಿಯೇ.

ಭಕ್ತರಾದ ವಾಚಕರಿಗೆ ಒಂದು ಮಾತು. ಮನೆಯಲ್ಲಿ ಹಿರಿಯರು ಲಿಂಗೈಕ್ಯರಾದಾಗ, ಅವರು ಎಲ್ಲಿಗೂ ಹೋಗಿಲ್ಲ, ಅಳಬಾರದು ಎಂದು ಬಂದವರು ಹೇಳುವುದುಂಟು. ಆ ಮಾತು ಸತ್ಯವೇ. ಆದರೆ ಅದನ್ನು ಹೇಳುವವರು ಅಲ್ಲಮನು ನಿಂತಷ್ಟು ಹೊತ್ತು ಅಲ್ಲಿ ನಿಲ್ಲಬೇಕು, ಅಳುವವರ ಪ್ರಶ್ನೆಯನ್ನು ಕೇಳಿಸಿಕೊಳ್ಳಬೇಕು. ಮುಕ್ತಾಯಕ್ಕ ಕಣ್ಣೊರಸಿಕೊಂಡ ಮೇಲೆಯೂ ಅಜಗಣ್ಣನನ್ನು ಕರೆಯುವುದನ್ನು ಬಿಡಲಿಲ್ಲ. ಪ್ರಭುವೂ ಬಿಡೆಂದು ಹೇಳಲಿಲ್ಲ.